ಬೆಳಕಿಗೆ ಅಡ್ಡವಾದ ಗರಿ

ಚಿಕ್ಕನಾಯಕನಹಳ್ಳಿಯ ಸ್ಟುಡಿಯೋ ಚಿತ್ತೇಶ್ ಮದುವೆ ಫೋಟೋ ತೆಗೆದೇ ಬದುಕಿದವರು. ಸುನಾಮಿಯಾದ ವಾರ, ಪತ್ರಿಕೆಯ ಚಿತ್ರಗಳನ್ನು ನೋಡಿ ಅವರಿಗೆ ಅನ್ನ ಸೇರಲಿಲ್ಲ. ನೊಂದ ಲೋಕಕ್ಕೆ ಭರವಸೆ ತುಂಬುವ ಫೋಟೋ ತಾವೇ ತೆಗೆಯಬೇಕೆಂದು ತೀರ್ಮಾನಿಸಿದರು. ಲೋಕವೇನೂ ಅವರನ್ನು ಕೇಳಿರಲಿಲ್ಲ.

ಹಂದನಕೆರೆಯಲ್ಲಿ ಅವರ ದೊಡ್ಡಮ್ಮ ಕಾಳಕ್ಕನ ತೋಟದ ಆಳೆತ್ತರದ ತೆಂಗಿನ ಸಸಿಯಲ್ಲಿ ಬೆಳವ ಹಕ್ಕಿಯೊಂದು ಕಾವಿಗೆ ಕೂತಿತ್ತು. ಅದರ ಫೋಟೋ ತೆಗೆಯಲು ಚಿತ್ತೇಶ್ ಕ್ಯಾಮೆರಾ ಹಿಡಿದು ಬಂದರು. ಗೂಡಿನ ಮೇಲೆ ಒಂದು ತೆಂಗಿನ ಗರಿಯ ನೆರಳು. ಮದುವೆಮನೆಯಲ್ಲಿ ಬೆಳಕಿಗೆ ಅಡ್ಡ ನಿಂತ ಸೋದರಮಾವನನ್ನೂ ಸರಿಸಿದ ಕೈ ಅವರದು. ಕುಡುಗೋಲು ಹಿಡಿದು ಗರಿಯನ್ನು ಕಡಿದೇಬಿಟ್ಟಿತು. ಹಕ್ಕಿ ಹಾರಿಹೋಯಿತು. ಬಯಲಾದ ಮೊಟ್ಟೆಗಳನ್ನು ನೋಡಿ ಕಾಗೆಗಳು ಸೇರಿದವು.

"ಅಲ್ಲಿ ಸಮುದ್ರ ಮಾಡಿದ್ದನ್ನ ಇಲ್ಲಿ ನೀನು ಮಾಡ್ಬುಟ್ಯಲ್ಲೋ ಚಿತ್ತೇಶ!" ಎಂದರು ಕಾಳಕ್ಕ. "ಫೋಟೋನಾದ್ರೂ ಬಂತೇನಪ್ಪ?"

ಚಿತ್ತೇಶ್ ಕಡಿದ ಗರಿಯನ್ನೇ ಹಗ್ಗದಿಂದ ಸಸಿಗೆ ಬಿಗಿದು, ದೂರ ಕೂತು, ಸಂಜೆಯವರೆಗೆ ಕಾಗೆ ಓಡಿಸಿದರು. ಹೊತ್ತು ಮುಳುಗುವ ಮುಂಚೆ ಬೆಳವ ಬಂದು ಗರಿಯೊಳಗೆ ನುಸುಳಿತು. ಹತ್ತಿರ ಹೋಗಲು ಮುಖವಿಲ್ಲದೆ, ಕೂತಲ್ಲಿಂದಲೇ ಒಂದು ಫೋಟೋ ತೆಗೆದರು.

ಸ್ಟುಡಿಯೋ ಗೋಡೆಯ ಮೇಲಿನ ಆ ಚಿತ್ರದಲ್ಲಿ ಕಾಣುವುದು ಹಗ್ಗ ಕಟ್ಟಿದ ಗರಿ ಮಾತ್ರ. "ಇದ್ಯಾವ ಫೋಟೋ ಸ್ವಾಮಿ?" ಎಂದು ಕೇಳಿದವರಿಗೆ ಅವರು ಬೇರೆಡೆ ನೋಡುತ್ತಾ ಹೇಳುತ್ತಾರೆ: "ಹಿಂದುಗಡೆ ಹಕ್ಕಿ ಐತೆ ಕಣ್ರೀ. ವಾಪಸ್ ಬಂತು."