ಮಂತ್ರಿಗಳ ತಣ್ಣನೆಯ ಸೀಟು

ಎಲ್ಲರ ಬಾಯಲ್ಲೂ ಅವನು ಹಾರ್ನ್. ಗಂಟಲು ಹಾಗೆ, ಸಿಟ್ಟಂತೂ ಮೂಗಿನ ತುದಿಯಲ್ಲೇ. ಲಾರಿ ಕ್ಲೀನರಾಗಿ ಶುರುಮಾಡಿ, ಕಲ್ಲು ಮರಳು ಸಾಗಿಸಿ, ಕೊನೆಗೆ ಸರ್ಕಾರಿ ಕಾರಿನ ಸ್ಟಿಯರಿಂಗ್ ಹಿಡಿದ ಆಸಾಮಿ. ಹಿಂದಿನ ಸೀಟಿಗೆ ಎಷ್ಟೋ ಮಂತ್ರಿಗಳು ಬಂದರು, ಹೋದರು. ಹಾರ್ನ್ ಮುಂದಿನ ಸೀಟು ಬಿಡಲಿಲ್ಲ.

ಈಗಿನವರು ಪರಿಸರ ಮಂತ್ರಿಗಳು. ಮಾತಿನಲ್ಲಿ ಮನೆ ಕಟ್ಟುವವರು. ರಸ್ತೆಯೋ ಕಾರ್ಖಾನೆಯೋ, ಯಾವ ಇಲಾಖೆ ಏನೇ ಮಾಡಲಿ, ಗಾಳಿ ನೀರಿಗೆ ಏನಾಗುತ್ತದೆಂದು ಮೊದಲು ನೋಡಲೇಬೇಕು ಎಂಬ ಕಾನೂನು ತರಲು ಹೊರಟಿದ್ದರು. ಅದಕ್ಕಾಗಿ ಸಭೆಯ ಮೇಲೆ ಸಭೆ. ಪ್ರತಿ ಸಭೆಗೂ ಕಟ್ಟಡದ ಹಿಂದೆ ಕಾರುಗಳ ಸಾಲು. ಒಂದರ ಇಂಜಿನ್ನಾದರೂ ಆರಿರಬೇಕಲ್ಲ, ಊಹೂಂ! ದೊಡ್ಡವರು ಯಾವ ಗಳಿಗೆಯಲ್ಲಿ ಬರುತ್ತಾರೋ, ಬಂದು ಕೂತರೆ ಏಸಿ ಓಡುತ್ತಿದ್ದು ಸೀಟು ತಣ್ಣಗಿರಬೇಕು. ಡ್ರೈವರುಗಳು ನೆರಳಲ್ಲಿ ಇಸ್ಪೀಟು ಆಡುತ್ತಿದ್ದರೆ ಖಾಲಿ ಕಾರುಗಳು ಬುಸುಬುಸು ಹೊಗೆ ಬಿಡುತ್ತಾ ನಿಂತಿರುತ್ತಿದ್ದವು.

ಆ ಹೊಗೆ ನೇರ ನೆಲಮಹಡಿಯ ಕಿಟಕಿಗೆ. ಅದು ನೌಕರರ ಮಕ್ಕಳ ಶಿಶುವಿಹಾರ. ಹಾರ್ನ್‌ನ ಮಗಳು ಅದೇ ಕಟ್ಟಡದಲ್ಲಿ ಟೈಪಿಸ್ಟ್. ಅವಳ ಕೂಸು, ಇವನ ಒಬ್ಬಳೇ ಮೊಮ್ಮಗಳು, ಹಗಲೆಲ್ಲ ಅಲ್ಲೇ. ಆ ವರ್ಷ ಕೂಸಿಗೆ ಉಬ್ಬಸ ಹಿಡಿಯಿತು.

“ಮನೇಲಿ ಯಾರು ಬೀಡಿ ಸೇದ್ತಾರೆ ಅಂತ ಡಾಕ್ಟ್ರು ಕೇಳಿದ್ರು ಅಪ್ಪಾ,” ಅಂದಳು ಮಗಳು.

“ಸರ್ಕಾರ ಸೇದುತ್ತೆ ಅಂತ ಹೇಳ್ಬೇಕಿತ್ತು!”

ಮರುದಿನ ಅವನು ಇಸ್ಪೀಟಿನವರ ಮುಂದೆ ಹೋಗಿ ನಿಂತ. “ಒಳಗೆ ಮಕ್ಕಳಿದಾವೆ, ಇಂಜಿನ್ ಆರಿಸ್ರಯ್ಯ.”

“ನಮ್ಮ ಸಾಹೇಬ್ರು ಬೆವರಿದ್ರೆ ನಿನ್ನ ಹೆಸರು ಹೇಳ್ಲಾ ಹಾರ್ನಣ್ಣ?” ಅಂದ ಎಲೆ ಹಂಚುತ್ತಿದ್ದವನು. ಉಳಿದವರು ಘೊಳ್ಳೆಂದು ನಕ್ಕರು.

ಇವರ ಹತ್ತಿರ ಏನು ಮಾತು? ಅಪ್ಪಣೆ ಮೇಲಿನಿಂದಲೇ ಬರಬೇಕು. ಸಂಜೆ ಕಾರಿನಲ್ಲಿ ಮಂತ್ರಿಗಳಿಗೆ ಎಲ್ಲ ಹೇಳಿದ. “ಛೆ ಛೆ, ಮಕ್ಕಳ ವಿಷಯ! ಕ್ರಮ ತಗೋಳ್ತೀನಿ,” ಎಂದು ಅವರು ಕೂತಲ್ಲಿಂದಲೇ ಫೋನ್ ಮಾಡಿದರು. ಹಾರ್ನ್‌ಗೆ ಕಣ್ಣು ತುಂಬಿಬಂತು. ಮನೆಗೆ ಹೋಗಿ ಮಗಳ ಮುಂದೆ ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು.

ಕ್ರಮವೂ ಆಯಿತು. ಗಾರೆಯವರು ಬಂದು ಶಿಶುವಿಹಾರದ ಕಿಟಕಿಗೆ ಇಟ್ಟಿಗೆ ಕಟ್ಟಿ, ಸಿಮೆಂಟ್ ಮೆತ್ತಿ ಹೋದರು!

ಮಾರನೆಯ ದಿನ ಕಾನೂನಿನ ಕೊನೆಯ ಸಭೆ. ಕಾರುಗಳು ಎಂದಿನಂತೆ ಬುಸುಗುಡುತ್ತಿದ್ದವು. ಹಾರ್ನ್ ಶಿಶುವಿಹಾರಕ್ಕೆ ಇಣುಕಿದ. ಹಾಡುಹಗಲೇ ಟ್ಯೂಬ್‌ಲೈಟು, ಸೆಕೆ, ಹಸಿ ಸಿಮೆಂಟಿನ ವಾಸನೆ. ಹೊಗೆ ಈಗ ಬಾಗಿಲಿನಿಂದ ನುಗ್ಗುತ್ತಿತ್ತು, ಹೊರಗೆ ಹೋಗಲು ದಾರಿಯೇ ಇಲ್ಲ. ಮೂಲೆಯಲ್ಲಿ ಮೊಮ್ಮಗಳು ಭುಜ ಎತ್ತಿ ಎತ್ತಿ ಉಸಿರೆಳೆಯುತ್ತಿದ್ದಳು. ಅವನಿಗೆ ಅಡಿಯಿಂದ ಮುಡಿಯವರೆಗೂ ಉರಿದುಹೋಯಿತು. ಥೂ ಇವರ! ಕೀಲಿ ತಿರುಗಿಸಿದರೆ ಮುಗಿಯುವ ಕೆಲಸಕ್ಕೆ ಗೋಡೆ ಕಟ್ಟಿದರಲ್ಲ!

ಕೂಸನ್ನು ಎತ್ತಿಕೊಂಡು ಓಡಿ ಮಗಳ ಕೈಗೆ ಕೊಟ್ಟ. “ಆಸ್ಪತ್ರೆಗೆ ಹೋಗು, ಮೊದಲು ಹೋಗು.” ಆಯಾಗೆ ಹೇಳಿ ಉಳಿದ ಮಕ್ಕಳನ್ನು ಮೊಗಸಾಲೆಗೆ ಕಳಿಸಿದ. ತನ್ನ ಕಾರಿನ ಇಂಜಿನ್ ಆರಿಸಿ, ಡಿಕ್ಕಿಯಿಂದ ಕಬ್ಬಿಣದ ರಾಡು ತೆಗೆದು ಗೋಡೆಗೆ ಬೀಸಿದ. ಸಿಮೆಂಟ್ ಇನ್ನೂ ಬಿಗಿದಿರಲಿಲ್ಲ. ಇಟ್ಟಿಗೆಗಳು ದಬದಬನೆ ಉದುರಿದವು. ಇಸ್ಪೀಟಿನವರು ಎಲೆ ಕೈಲಿ ಹಿಡಿದೇ ಎದ್ದುನಿಂತರು.

ಅಷ್ಟರಲ್ಲಿ ಮಂತ್ರಿಗಳು ಹಾರ ಹಾಕಿಸಿಕೊಂಡು ಹೊರಬಂದರು. “ಏನಯ್ಯಾ ಇದು? ಸರ್ಕಾರಿ ಆಸ್ತಿ! ಕೆಲಸ ಬೇಕೋ ಬೇಡ್ವೋ?”

“ಬೇಡ ಸ್ವಾಮಿ. ಕಾನೂನು ಪಾಸಾಯ್ತಾ?”

“ಆಯ್ತು.”

“ಹಾಗಾದ್ರೆ ಇಂಜಿನ್ ಆರಿಸೋಕೆ ಹೇಳಿ. ಈಗ್ಲೇ ಹೇಳಿ, ನಿಮ್ಮ ಬಾಯಿಂದ.”

ಮಂತ್ರಿಗಳು ಆ ಕಡೆ ನೋಡಿದರು, ಈ ಕಡೆ ನೋಡಿದರು. “ಬಿಸಿಲು ಜಾಸ್ತಿ, ನಾಳೆ ಮಾತಾಡೋಣ,” ಎಂದು ಪಕ್ಕದ ತಣ್ಣನೆಯ ಕಾರಿನೊಳಗೆ ಹೋಗಿ ಕೂತರು.

ಅದು ಎಲೆ ಹಂಚುತ್ತಿದ್ದವನ ಕಾರು. ಅವನು ಒಡೆದ ಕಿಟಕಿ ನೋಡಿದ, ಹಾರ್ನ್‌ನ ರಕ್ತ ಸೋರುವ ಅಂಗೈ ನೋಡಿದ. ಕೈಲಿದ್ದ ಎಲೆ ಕೆಳಗೆ ಹಾಕಿ ಬಂದವನೇ, ಮುಂದಿನ ಬಾಗಿಲು ತೆಗೆದು, ಮಂತ್ರಿಗಳು ಒಳಗೆ ಕೂತಿದ್ದ ಹಾಗೆಯೇ ಇಂಜಿನ್ ಆರಿಸಿದ.