ಜೇಬಿನಲ್ಲಿ ಉಳಿದ ಪಿನ್ನು

ಗ್ರೀಸಿನ ವಾಸನೆ ಹತ್ತಿದ ಕಡ್ಲೆಪುರಿಯನ್ನು ನೀವು ತಿಂದಿರಲಾರಿರಿ. ನಾನು ತಿಂದಿದ್ದೇನೆ. ಇವತ್ತಿಗೂ ಗ್ಯಾರೇಜೊಂದರ ಮುಂದೆ ಹಾಯುವಾಗ ಸೀಮೆಎಣ್ಣೆಯಲ್ಲಿ ತೊಳೆದ ಕಬ್ಬಿಣದ ವಾಸನೆ ಬಡಿದರೆ ನಾಲಿಗೆಯ ಮೇಲೆ ಪುರಿ ಕರಗಿದಂತಾಗುತ್ತದೆ. ನಜರ್‌ಬಾದಿನಲ್ಲಿ ನಮ್ಮ ಮನೆಯೂ ಅಪ್ಪನ ಷೆಡ್ಡೂ ಒಂದೇ ಗೋಡೆಗೆ ಒರಗಿಕೊಂಡಿದ್ದವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಹರಾಜಾದ ಮಿಲಿಟರಿ ಲಾರಿಗಳು ಅಲ್ಲಿಗೆ ಬರುತ್ತಿದ್ದವು. ಪರದೇಶದ ಗಾಡಿಗಳು, ಸ್ಟೀರಿಂಗು ಎಡಕ್ಕೆ. ಅದನ್ನು ಬಲಕ್ಕೆ ತಂದು, ಹಿಂದೆ ಮರದ ಬಾಡಿ ಕಟ್ಟಿಸಿ, ಹಸಿರು ಬಣ್ಣ ಕೆರೆದು ಕೊಡುವುದು ಅಪ್ಪನ ಕಸುಬು. ಅವರದೊಂದು ನೇಮವಿತ್ತು: ತಯಾರಾದ ಗಾಡಿಯಲ್ಲಿ ಮೊದಲು ನಮ್ಮ ಮನೆಯವರೇ ಕೂತು ಚಾಮುಂಡಿ ಬೆಟ್ಟ ಹತ್ತಿ ಇಳಿಯಬೇಕು. "ನನ್ನ ಹೆಂಡ್ತಿ ಮಕ್ಳು ಕೂರದ ಗಾಡೀಲಿ ಇನ್ನೊಬ್ರ ಹೆಂಡ್ತಿ ಮಕ್ಳು ಯಾಕೆ ಕೂರ್ಬೇಕು?" ಎನ್ನುತ್ತಿದ್ದರು.

ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟು ಅಪ್ಪನ ಜೊತೆ ನಿಂತವನು ನಾನು. ಅದಕ್ಕೆ ಎಂದೂ ನಾಚಿದವನಲ್ಲ. ಹದಿಮೂರಕ್ಕೇ ಒಂದು ಲಾರಿಯ ಸ್ಟೀರಿಂಗ್ ಸರಳನ್ನು ಚಕ್ರಕ್ಕೆ ಒಬ್ಬನೇ ಜೋಡಿಸಿದೆ. ಅಪ್ಪ ಅದನ್ನು ತಿರುಗಿ ನೋಡಲೂ ಇಲ್ಲ, ಅಷ್ಟು ನಂಬಿಕೆ. ಗಾಡಿ ಕೊಂಡಿದ್ದ ಇಟ್ಟಿಗೆ ಗೂಡಿನ ಚನ್ನಪ್ಪನವರು, "ಏನ್ ಮೇಸ್ತ್ರಿ, ಮೀಸೆ ಬರದ ಹುಡುಗನ ಕೈಗೆ ನನ್ನ ಗಾಡಿ ಕೊಟ್ಬುಟ್ರಾ?" ಎಂದು ಕೆಣಕಿದರು. "ಮೀಸೇಲಿ ನಟ್ ತಿರುಗ್ಸಕ್ಕಾಗಲ್ಲ ಕಣ್ರೀ. ಬನ್ನಿ, ಕೂತ್ಕೊಳಿ" ಎಂದರು ಅಪ್ಪ. ನನ್ನ ಎದೆ ಉಬ್ಬಿತು. ಹಿಂದೆ ಅವ್ವ, ಅವಳ ಮಡಿಲಲ್ಲಿ ತಂಗಿ ಜಯಿ. ಮುಂದೆ ಅಪ್ಪನಿಗೂ ಚನ್ನಪ್ಪನವರಿಗೂ ನಡುವೆ ನಾನು.

ಬೆಟ್ಟದ ಮೇಲೆ ಅವ್ವ ಪೂಜೆ ಮಾಡಿಸಿ ನನ್ನ ಜೇಬಿಗೆ ಪುರಿ ತುಂಬಿದಳು. ಇಳಿಯುವಾಗ ಎರಡನೇ ತಿರುವು ದಾಟಿದ್ದೆವು. ಪುರಿಗೆಂದು ಜೇಬಿನ ತಳಕ್ಕೆ ಕೈ ಹಾಕಿದರೆ ಬೆರಳಿಗೆ ಏನೋ ಚುಚ್ಚಿತು. ಸ್ಪ್ಲಿಟ್ ಪಿನ್ನು. ಸರಳಿನ ನಟ್ಟು ಅಲುಗಾಟಕ್ಕೆ ಬಿಚ್ಚಿಕೊಳ್ಳದಂತೆ ಅದರ ತೂತಿಗೆ ತೂರಿಸಿ ಕಾಲು ಮಡಿಸಬೇಕಾದ ಪಿನ್ನು. ಅವ್ವ ಊಟಕ್ಕೆ ಕೂಗಿದಾಗ ಜೇಬಿಗೆ ಹಾಕಿಕೊಂಡು ಎದ್ದುಹೋಗಿದ್ದೆ. ಆ ನಟ್ಟು ಕಳಚಿದರೆ ಚಕ್ರ ಅಪ್ಪನ ಮಾತು ಕೇಳುವುದಿಲ್ಲ. ಎಡಕ್ಕೆ ಪ್ರಪಾತ. ಹೇಳಬೇಕು, ಆದರೆ ಪಕ್ಕದಲ್ಲಿ ಚನ್ನಪ್ಪನವರು. ಪುರಿಯನ್ನು ಬಾಯಲ್ಲೇ ಇಟ್ಟುಕೊಂಡು, ಹೇಳದೆಯೇ ಇನ್ನೊಂದು ತಿರುವು ಕಳೆದುಬಿಟ್ಟೆ. ಆ ಒಂದು ತಿರುವಿಗೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ. ಹಿಂದಿನಿಂದ ಜಯಿ ನಕ್ಕದ್ದು ಕೇಳಿತು. "ಅಪ್ಪಾ, ನಿಲ್ಸಿ! ಪಿನ್ ಹಾಕಿಲ್ಲ!" ಎಂದು ಕೂಗಿಬಿಟ್ಟೆ.

ಅಪ್ಪ ಗಾಡಿಯನ್ನು ಬೆಟ್ಟದ ಮಗ್ಗುಲಿಗೆ ಒತ್ತಿ ನಿಲ್ಲಿಸಿ ಕೆಳಗೆ ತೂರಿದರು. ನಟ್ಟು ಬೆರಳಿಗೇ ತಿರುಗುತ್ತಿತ್ತು. ಹೊರಬಂದು ಸ್ಪ್ಯಾನರನ್ನು ನನ್ನ ಕೈಗಿಟ್ಟು, "ಜೋಡ್ಸಿದೋನೇ ಹಾಕ್ಲಿ" ಎಂದರು. ಆಮೇಲೆ ಚನ್ನಪ್ಪನವರತ್ತ ತಿರುಗಿ, "ತಪ್ಪು ನಂದು. ನೋಡ್ದೆ ಇದ್ದೋನು ನಾನು" ಎಂದರು. ಬೆವೆತುಹೋಗಿದ್ದ ಚನ್ನಪ್ಪನವರು, "ಇಳೀರಮ್ಮ, ಮಗೂನ ಎತ್ಕೊಂಡು ಮೊದ್ಲು ಇಳೀರಿ" ಎಂದು ಕೂಗಿದರು. ಗಾಡಿಯಡಿ ಮಲಗಿದ ಕಡೆಯಿಂದ ನನಗೆ ಅವ್ವನ ದನಿ ಮಾತ್ರ ಕೇಳಿತು: "ಹಾಕ್ತಾವ್ನಲ್ಲ, ಹಾಕ್ಲಿ ಬುಡಿ." ಅವಳು ಇಳಿಯಲೇ ಇಲ್ಲ. ಉಳಿದ ದಾರಿಯನ್ನು ಚನ್ನಪ್ಪನವರು ನಡೆದೇ ಇಳಿದರು.

ಅಂದಿನಿಂದ ಯಾವ ಗಾಡಿ ಹತ್ತುವ ಮುಂಚೆಯೂ ಅವ್ವ ನನ್ನ ಎರಡೂ ಜೇಬುಗಳನ್ನು ಹೊರಕ್ಕೆಳೆದು ಕೊಡವುತ್ತಿದ್ದಳು. ಮೀಸೆ ಬಂದ ಮೇಲೂ, ಗಿರಾಕಿಗಳ ಮುಂದೆಯೂ. ನಾನು ಸಿಡುಕುತ್ತಿದ್ದೆ, ಅಪ್ಪ ಅತ್ತ ತಿರುಗಿ ನಗುತ್ತಿದ್ದರು. ಆಮೇಲೆ ಆ ಲಾರಿಗಳು ಗುಜರಿಗೆ ಹೋದವು, ಷೆಡ್ಡು ಹೋಯಿತು, ಅಪ್ಪ ಹೋದರು, ಅವ್ವನೂ ಹೋದಳು. ಈಗಲೂ ಎಲ್ಲಿಗಾದರೂ ಹೊರಡುವಾಗ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತೇನೆ. ಯಾರೂ ಬರುವುದಿಲ್ಲ. ನಾನೇ ಜೇಬು ಹೊರಕ್ಕೆಳೆದು ಕೊಡವಿಕೊಂಡು ಹೋಗುತ್ತೇನೆ.