ಉಮ್ಮನ ಜಗಲಿಯಲ್ಲಿ ರಿಜೆಕ್ಟ್ ಆದವರು

ನಾನು ಸೋಲನ್ನು ಸುಲಭದಲ್ಲಿ ಮರೆಯುವವಳಲ್ಲ. ಸುಳ್ಯದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಿದ್ದಾಗ, ಮೂರನೇ ವರ್ಷದಲ್ಲಿ, ಜಾಗತಿಕ ಆರೋಗ್ಯ ವಿನ್ಯಾಸ ಕಾರ್ಯಕ್ರಮವೊಂದಕ್ಕೆ ನಾವು ಅರ್ಜಿ ಹಾಕಿದ್ದೆವು. ಬೇರೆ ಬೇರೆ ದೇಶಗಳ ವಿದ್ಯಾರ್ಥಿ ತಂಡಗಳು ತಮ್ಮ ಊರಿನ ಒಂದು ಆರೋಗ್ಯದ ತೊಂದರೆಗೆ ಒಂದು ಸಾಧನ ಮಾಡಿ ತೋರಿಸಬೇಕು. ಆಯ್ಕೆಯಾದರೆ ಒಂದು ವರ್ಷ ತಜ್ಞರು ಜೊತೆಗಿದ್ದು ಅದನ್ನು ಜನ ಬಳಸುವ ಮಟ್ಟಕ್ಕೆ ತರಲು ನೆರವಾಗುತ್ತಾರೆ. ನಾವು ಲೈಬ್ರರಿಯಲ್ಲಿ ಫ್ಯಾನಿನ ಕೆಳಗೆ ಕೂತು, ಮಾತ್ರೆ ನುಂಗುವ ಹೊತ್ತಾಯಿತೆಂದು ಕೂಗುವ ಡಬ್ಬಿಯೊಂದನ್ನು ಮಾಡಿದೆವು. ಮಾತ್ರೆ ನುಂಗುವ ಒಬ್ಬರನ್ನೂ ಕೇಳಿರಲಿಲ್ಲ. ಮೊದಲ ಸುತ್ತಿನಲ್ಲೇ ಹೊರಗೆ ಬಿದ್ದೆವು. ನಿಮ್ಮ ಅರ್ಜಿಯಲ್ಲಿ ಬಳಸುವವರ ದನಿ ಕೇಳಿಸುವುದಿಲ್ಲ ಎಂದು ಮೇಲ್ ಬಂತು. ಆ ಸಾಲು ನನ್ನನ್ನು ವರ್ಷವಿಡೀ ಚುಚ್ಚಿತು.

ಕೊನೆಯ ವರ್ಷ ಇನ್ನೊಂದು ಅವಕಾಶ ಉಳಿದಿತ್ತು, ಅದೇ ಕೊನೆಯದ್ದು. ಓದು ಮುಗಿದವರಿಗೆ ಅಲ್ಲಿ ಪ್ರವೇಶವಿಲ್ಲ. ನಾವು ಮೂವರು. ಪುತ್ತೂರಿನ ದರ್ಬೆಯಿಂದ ದಿನಾ ಬಸ್ಸಿನಲ್ಲಿ ಸುಳ್ಯಕ್ಕೆ ಹೋಗಿಬರುತ್ತಿದ್ದ ನಾನು, ರಾಮಕುಂಜದ ನನ್ನ ಸಹಪಾಠಿ, ಮತ್ತೆ ಸುಳ್ಯದಲ್ಲೇ ಮೆಡಿಕಲ್ ಓದುತ್ತಿದ್ದ ನನ್ನ ಗೆಳತಿ. ಸಹಪಾಠಿಗೆ ಕೈಕೆಲಸ ಎಂದರೆ ಪ್ರಾಣ, ಮಾತು ಎಂದರೆ ಸಂಕಟ. ನನಗೆ ಇದರ ಉಲ್ಟಾ. ಗೆಳತಿ ಕಡಬದ ಬ್ಯಾರಿ ಮುಸ್ಲಿಂ ಮನೆತನದವಳು. ಈ ಸಲ ಎಂತ ಮಾಡುವುದೆಂದು ನಾವು ತಲೆ ಕೆರೆದುಕೊಳ್ಳುತ್ತಿದ್ದಾಗ ಅವಳು ಒಂದೇ ಮಾತು ಹೇಳಿದಳು.

“ನನ್ನ ಉಮ್ಮನ ಕುತ್ತಿಗೆ ನೋಡು. ಬೇರೆ ಎಲ್ಲಿಗೂ ಹೋಗುದು ಬೇಡ.”

ಅವಳ ತಾಯಿ, ನಾನೂ ಉಮ್ಮ ಎಂದೇ ಕರೆಯುವವರು, ಮದುವೆಗೆ ಮೊದಲಿನಿಂದ ಬೀಡಿ ಕಟ್ಟುತ್ತಿದ್ದಾರೆ. ಕಾಲು ನೀಡಿ ಕೂತು, ಎಲೆ ಮತ್ತು ಹೊಗೆಸೊಪ್ಪಿನ ಪುಡಿ ಇರುವ ತಡ್ಪೆಯನ್ನು ಮಡಿಲಲ್ಲಿಟ್ಟು, ತಲೆ ಬಗ್ಗಿಸಿದರೆ ಮತ್ತೆ ಎತ್ತುವುದು ಅನ್ನದ ನೀರು ಉಕ್ಕಿದಾಗಲೇ. ತಡ್ಪೆ ಎಂದರೆ ನಮ್ಮ ಕಡೆಯ ಗೆರಸೆ. ಉಮ್ಮನಿಗೆ ಹಿಂದೆ ತಿರುಗಿ ನೋಡಬೇಕಾದರೆ ಇಡೀ ಮೈ ತಿರುಗಿಸಬೇಕಿತ್ತು. ಮಗಳು ಡಾಕ್ಟರಾಗುತ್ತಿದ್ದಳು, ಆದರೆ ತಾಯಿಗೆ ಮುಲಾಮು ಹಚ್ಚುವುದನ್ನು ಬಿಟ್ಟು ಅವಳಿಂದ ಏನೂ ಆಗುತ್ತಿರಲಿಲ್ಲ. ಕೆಲಸ ಬಿಡಿ ಎನ್ನುವುದು ಬಾಯಿಮಾತಿನಷ್ಟು ಸುಲಭವಲ್ಲ ಎಂದು ಅವಳಿಗೆ ಗೊತ್ತಿತ್ತು.

ನಮ್ಮ ಯೋಜನೆ ಕೇಳಿದ ಒಬ್ಬ ಅಧ್ಯಾಪಕರು ನಕ್ಕರು. “ಬೀಡಿಯೇ ಆರೋಗ್ಯಕ್ಕೆ ಕೇಡು. ಅದಕ್ಕೆ ಆರೋಗ್ಯದ ವಿನ್ಯಾಸ ಬೇರೆ!”

ನಾನು ಉರಿದುಬಿದ್ದೆ, ಆದರೆ ಗೆಳತಿ ತಣ್ಣಗೆ ಹೇಳಿದಳು, “ಸರ್, ಸೇದುವವರಿಗೆ ಕಟ್ಟಿನ ಮೇಲೆ ಎಚ್ಚರಿಕೆ ಉಂಟು. ಕಟ್ಟುವವರಿಗೆ ಎಂತ ಉಂಟು?” ಅವರು ವರ್ಕ್‌ಶಾಪಿನ ಕೀ ತೆಗೆದು ಕೊಟ್ಟರು.

ಸಹಪಾಠಿ ಹಲಸಿನ ಹಲಗೆಯಿಂದ ಚಂದದ ಸ್ಟ್ಯಾಂಡ್ ಮಾಡಿದ. ನೆಲದಲ್ಲಿ ಕೂತವರ ಎದುರಿಗೆ ಅದನ್ನಿಟ್ಟರೆ ತಡ್ಪೆ ಎದೆಯ ಮಟ್ಟಕ್ಕೆ ಬರುತ್ತದೆ, ಕುತ್ತಿಗೆ ಬಗ್ಗಿಸಬೇಕಾಗಿಲ್ಲ. ಅಂಥ ಐದು ಮಾಡಿ, ಉಮ್ಮನ ಮನೆಗೂ ಅಕ್ಕಪಕ್ಕದ ನಾಲ್ಕು ಮನೆಗಳಿಗೂ ಕೊಟ್ಟೆವು. ವಾರ ಬಿಟ್ಟು ಅಭಿಪ್ರಾಯ ಕೇಳಲು ಹೋದೆವು. ಎಲ್ಲ ಕಡೆ ಕುರ್ಚಿ ಹಾಕಿದರು, ಶರಬತ್ತು ಕೊಟ್ಟರು, ಗೋಳಿಬಜೆ ಕೊಟ್ಟರು. “ಭಾರೀ ಲಾಯ್ಕ್ ಉಂಟು, ಮಕ್ಕಳೇ” ಎಂದರು. ಒಬ್ಬರಂತೂ ನನ್ನ ಗಲ್ಲ ಮುಟ್ಟಿ ದೃಷ್ಟಿ ತೆಗೆದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಬಸ್ಸಿನಲ್ಲಿ ಕೂತೇ ಅರ್ಜಿಯ ಆ ಭಾಗವನ್ನು ತುಂಬಿಸಿದೆ: ಬಳಸಿದವರೆಲ್ಲರಿಗೂ ಪೂರ್ಣ ತೃಪ್ತಿ, ದೋಷಗಳು ಕಂಡುಬಂದಿಲ್ಲ.

ಅರ್ಜಿಯ ಕೊನೆಯ ದಿನಕ್ಕೆ ಎರಡು ವಾರ ಇತ್ತು. ಒಂದು ಅಳತೆ ಬರೆದುಕೊಳ್ಳಲು ಮರೆತಿದ್ದರಿಂದ, ಹೇಳದೆ ಕೇಳದೆ ಒಂದು ಬೆಳಿಗ್ಗೆ ಮೂವರೂ ಕಡಬಕ್ಕೆ ಹೋದೆವು. ಮೊದಲ ಮನೆಯ ಅಂಗಳದಲ್ಲಿ ನಮ್ಮ ಸ್ಟ್ಯಾಂಡ್ ಕವುಚಿ ಬಿದ್ದಿತ್ತು. ಅದರ ಅಡಿಯಲ್ಲಿ ಒಂದು ಹೇಂಟೆ, ಮರಿಗಳ ಸಮೇತ. ಎರಡನೆಯ ಮನೆಯಲ್ಲಿ ಅದರ ಮೇಲೆ ಟಿವಿ ಇತ್ತು. ಮೂರನೆಯ ಮನೆಯವರು ನಮ್ಮನ್ನು ಕಂಡದ್ದೇ ಒಳಗೆ ಓಡಿ, ಒಗೆದ ಬಟ್ಟೆಯ ರಾಶಿಯ ಕೆಳಗಿನಿಂದ ಅದನ್ನು ಎಳೆದು ತಂದು ಜಗಲಿಯಲ್ಲಿಟ್ಟು ಅದರ ಮುಂದೆ ಕೂತುಬಿಟ್ಟರು, ಆಗಿನಿಂದಲೂ ಅಲ್ಲೇ ಕೂತಿದ್ದವರ ಹಾಗೆ. ಸಹಪಾಠಿ ತಲೆಯ ಮೇಲೆ ಕೈಯಿಟ್ಟ.

ಉಮ್ಮನ ಮನೆಯಲ್ಲಿ ಅದು ಮಂಚದ ಅಡಿಯಲ್ಲಿತ್ತು. ಧೂಳು ಹಿಡಿಯಬಾರದೆಂದು ಹಳೆಯ ಸೀರೆ ಸುತ್ತಿಟ್ಟಿದ್ದರು. ಉಮ್ಮ ತಡ್ಪೆಯನ್ನು ಎಂದಿನಂತೆ ಮಡಿಲಲ್ಲಿಟ್ಟು, ಎಂದಿನಂತೆ ತಲೆ ಬಗ್ಗಿಸಿ ಕೂತಿದ್ದರು.

ಗೆಳತಿಗೆ ಅಳು ಬಂತು. “ನನ್ನ ಹತ್ರ ಆದ್ರೂ ಹೇಳ್ಬಹುದಿತ್ತಲ್ಲ ಉಮ್ಮ!”

“ಹೇಗೆ ಹೇಳುದು?” ಎಂದರು ಉಮ್ಮ. “ನೀವು ಮೂರೂ ಜನ ಬಿಸಿಲಲ್ಲಿ ಹೊತ್ಕೊಂಡು ಬಂದದ್ದು. ಜಗಲಿಗೆ ಬಂದವರು ತಂದದ್ದನ್ನು ಲಾಯ್ಕಿಲ್ಲ ಹೇಳ್ಲಿಕ್ಕೆ ಬಾಯಿ ಬರ್ತದಾ?”

ನನಗೆ ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು, ಸಿಟ್ಟು ನನ್ನ ಮೇಲೆಯೇ. ಇದು ನನಗೆ ಗೊತ್ತಿಲ್ಲದ ವಿಷಯವೇ? ನಮ್ಮ ಮನೆಗೆ ಬಂದವರು ತಂದ ಎಂಥ ಹುಳಿ ಮಾವಿನಹಣ್ಣನ್ನೂ ಅಮ್ಮ ಅವರೆದುರಿಗೆ ಸಿಹಿ ಎಂದೇ ಹೇಳುತ್ತಾರೆ. ಅವರು ಗೇಟು ದಾಟುವವರೆಗೆ ನಾವು ಮಕ್ಕಳು ಮುಖ ಹಿಂಡದೆ ತಿನ್ನಬೇಕು. ಇದೇ ಮರ್ಯಾದೆಯಲ್ಲಿ ಬೆಳೆದವಳು ನಾನು, ಅದೇ ಮರ್ಯಾದೆಯನ್ನು ತೃಪ್ತಿ ಎಂದು ಬರೆದಿದ್ದೆ. ಕಳೆದ ಸಲ ಜನರನ್ನು ಕೇಳಲೇ ಇಲ್ಲ, ಈ ಸಲ ಕೇಳಿಯೂ ಮೋಸ ಹೋದೆವು. ಹೀಗೇ ಕಳಿಸಿದರೆ ಮತ್ತೆ ಹೊರಗೆ ಬೀಳುವುದು ಖಂಡಿತ.

ಅಂದು ಬೀಡಿ ಕೊಡುವ ದಿನ. ಉಮ್ಮ ಕಟ್ಟುಗಳನ್ನು ಜೋಡಿಸುತ್ತ, ನಮ್ಮನ್ನು ಸಮಾಧಾನ ಮಾಡಲು ಬ್ರಾಂಚಿನ ಕಥೆ ತೆಗೆದರು. ಕಟ್ಟಿದ ಬೀಡಿಯನ್ನು ಒಪ್ಪಿಸುವ ಜಾಗಕ್ಕೆ ಬ್ರಾಂಚ್ ಎನ್ನುತ್ತಾರೆ. ಅಲ್ಲಿ ಚೆಕ್ಕರ್ ಮೇಜಿನ ಹಿಂದೆ ಕೂರುತ್ತಾನೆ, ಹೆಂಗಸರು ಸಾಲಿನಲ್ಲಿ ನಿಲ್ಲುತ್ತಾರೆ. ಅವನು ಬೀಡಿಯನ್ನು ಬೆರಳಲ್ಲಿ ಹೊರಳಿಸಿ, ಸಡಿಲ ಕಂಡರೆ ಪಕ್ಕಕ್ಕೆ ಎಸೆಯುತ್ತಾನೆ.

“ಅವನು ಮುಖ ನೋಡುದಿಲ್ಲ, ಕೈ ಮಾತ್ರ ನೋಡುದು,” ಎಂದರು ಉಮ್ಮ. “ನಾವು ಅವನ ಹತ್ರ ಇಷ್ಟು ವರ್ಷದಲ್ಲಿ ಒಂದು ಮಾತು ಎದುರಾಡ್ಲಿಲ್ಲ.”

ನಾನು ಥಟ್ಟನೆ ಎದ್ದು ನಿಂತೆ. “ಉಮ್ಮ, ಹಾಗಾದ್ರೆ ನಾಡಿದ್ದು ನೀವೆಲ್ಲ ಚೆಕ್ಕರ್. ನಾವು ಮೂರು ಜನ ಸಾಲಲ್ಲಿ ನಿಲ್ತೇವೆ. ಮುಖ ನೋಡ್ಬೇಡಿ.”

ಉಮ್ಮ ಬಾಯಿಗೆ ಸೆರಗು ಮುಚ್ಚಿ ನಕ್ಕರು, ನನಗೆ ಮರುಳು ಎಂದರು. ಆದರೆ ಎರಡು ದಿನ ಬಿಟ್ಟು ನಾವು ಹೋದಾಗ ಜಗಲಿಯಲ್ಲಿ ಮೇಜು ಇತ್ತು, ಅದರ ಹಿಂದೆ ಐದು ಕುರ್ಚಿ. ಐದೂ ಮನೆಯವರು ಕೂತಿದ್ದರು, ಬ್ಯಾರಿ ಮಾತಾಡುವವರು ಮೂವರು, ತುಳು ಮಾತಾಡುವವರು ಇಬ್ಬರು. ನಾವು ಅಂಗಳದಲ್ಲಿ ಬಿಸಿಲಿಗೆ ನಿಂತೆವು. ಕುಡಿಯಲು ನೀರು ಸಹ ಕೊಡಬಾರದೆಂದು ನಾನು ಷರತ್ತು ಹಾಕಿದ್ದೆ.

ಮೊದಲು ಒಬ್ಬರ ಮುಖ ಒಬ್ಬರು ನೋಡಿ ಕಿಸಕ್ಕನೆ ನಗುವುದಷ್ಟೇ. ಆಮೇಲೆ ಎಲ್ಲರಿಗಿಂತ ಹಿರಿಯರಾದ ತುಳು ಅಜ್ಜಿಯೊಬ್ಬರು ಕನ್ನಡಕ ಸರಿಮಾಡಿಕೊಂಡರು. ಸ್ಟ್ಯಾಂಡನ್ನು ಎತ್ತಿ, ತಿರುಗಿಸಿ, ಕಾಲು ಅಲ್ಲಾಡಿಸಿ ನೋಡಿದರು. “ರಿಜೆಕ್ಟ್!” ಎಂದು ಅಂಗಳಕ್ಕೆ ಎಸೆದರು.

ಜಗಲಿ ನಗುವಿನಲ್ಲಿ ಮುಳುಗಿಹೋಯಿತು. “ಕಾರಣ ಹೇಳಿ ಅಜ್ಜೀ!” ಎಂದು ನಾನು ಕೂಗಿದೆ. ಕಟ್ಟೆ ಒಡೆಯಿತು. ಮೊಣಕಾಲಿಗೆ ತಾಗುತ್ತದೆ. ಮೊಣಕೈ ಎತ್ತಿ ಹಿಡಿದು ಭುಜ ಸೋಲುತ್ತದೆ. ಮಡಿಲಿನ ತಡ್ಪೆಯನ್ನು ಎರಡು ತೊಡೆಯಿಂದ ಒತ್ತಿ ಹಿಡಿಯಬಹುದು, ಇದು ಅಲುಗಾಡಿ ಪುಡಿ ಚೆಲ್ಲುತ್ತದೆ. ಬಿಸಿಲು ಜರುಗಿದ ಹಾಗೆ ನಾವೂ ಜರುಗಬೇಕು, ಇದನ್ನು ಯಾರು ಎಳೆದಾಡುವುದು? ಒಲೆಯ ಮೇಲೆ ಹಾಲು ಉಕ್ಕಿದರೆ ತಡ್ಪೆ ಸಮೇತ ಏಳಬೇಕು, ಇದರಿಂದ ಏಳುವಷ್ಟರಲ್ಲಿ ಹಾಲು ನೆಲಕ್ಕೆ. ಉಮ್ಮ ಎಲ್ಲರಿಗಿಂತ ಕೊನೆಗೆ, ಮಗಳ ಮುಖ ನೋಡದೆ ಹೇಳಿದರು, “ಇದರ ಮುಂದೆ ಕೂತ್ರೆ ನಾಲ್ಕು ಜನ ಹತ್ರ ಹತ್ರ ಕೂರ್ಲಿಕ್ಕೆ ಆಗುದಿಲ್ಲ. ಮಾತಿಲ್ಲದೆ ಬೀಡಿ ಕಟ್ಟುದು ಹೇಗೆ?”

ಬರೆದುಕೊಂಡು ಬರೆದುಕೊಂಡು ಗೆಳತಿಯ ಕೈ ಸೋತಿತು. ನನಗೆ ಅಷ್ಟು ಸಂತೋಷ ಯಾವ ಹೊಗಳಿಕೆಯಿಂದಲೂ ಆಗಿರಲಿಲ್ಲ.

ಸ್ಟ್ಯಾಂಡನ್ನೇ ಬಿಟ್ಟುಬಿಟ್ಟೆವು. ಸಹಪಾಠಿ ತಡ್ಪೆಗೇ ಎರಡು ಮಡಚುವ ಕಾಲು ಕೂರಿಸಿದ. ಕೂತಾಗ ಅವು ತೊಡೆಯ ಆಚೆ ಈಚೆ ನೆಲಕ್ಕೆ ನಿಂತು ತಡ್ಪೆಯನ್ನು ಬೇಕಾದಷ್ಟೇ ಎತ್ತಿ ಓರೆ ಮಾಡುತ್ತವೆ, ಎದ್ದಾಗ ತಾವಾಗಿ ಮಡಚಿಕೊಳ್ಳುತ್ತವೆ. ಜಗಲಿಯ ಮೇಜಿನೆದುರು ಮತ್ತೆ ನಿಂತೆವು, ಮತ್ತೆ ರಿಜೆಕ್ಟ್. ಕಾಲಿನ ತುದಿ ಸಗಣಿ ಸಾರಿಸಿದ ನೆಲಕ್ಕೆ ಚುಚ್ಚುತ್ತದಂತೆ. ತುದಿಗೆ ರಬ್ಬರ್ ಹಾಕಿ ಮೂರನೇ ಸಲ ಹೋದೆವು. ಅಜ್ಜಿ ಅದನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟತೊಡಗಿದವರು, ನಾವು ಅಂಗಳದಲ್ಲಿ ಕಾಯುತ್ತಿದ್ದೇವೆಂಬುದನ್ನೇ ಮರೆತರು. ಆಮೇಲೆ ತಲೆಯೆತ್ತಿ “ಪಾಸ್” ಎಂದರು. ನಾನು ಅಂಗಳದಲ್ಲೇ ಕುಣಿದೆ.

ಅರ್ಜಿಯಲ್ಲಿ ಎಲ್ಲವನ್ನೂ ಬರೆದೆ.

“ಕೋಳಿ ವಿಷಯ ಬರೀಬೇಡ ಮಾರಾಯ್ತಿ, ಮರ್ಯಾದೆ ಹೋಗ್ತದೆ,” ಎಂದ ಸಹಪಾಠಿ. ನಾನು ಕೋಳಿಯನ್ನು ಮೊದಲ ಪುಟಕ್ಕೇ ಹಾಕಿದೆ, ಫೋಟೋ ಸಮೇತ.

ಸಂದರ್ಶನಕ್ಕೆ ಕರೆ ಬಂತು. ಕೊನೆಯ ಸುತ್ತು ಅದು. ಉಮ್ಮನ ಜಗಲಿಯಲ್ಲೇ ಲ್ಯಾಪ್‌ಟಾಪ್ ಇಟ್ಟು ಕೂತೆವು. ಪರದೆಯಲ್ಲಿ ನಾಲ್ವರು ತೀರ್ಪುಗಾರರು. ನಮ್ಮ ಮಾತು ಮುಗಿದ ಮೇಲೆ ಅವರಲ್ಲಿ ಒಬ್ಬರು, ಬಳಸುವವರೊಡನೆ ಮಾತಾಡಬೇಕು, ಇದು ಚೆನ್ನಾಗಿದೆಯೇ ಎಂದು ಅವರನ್ನೇ ಕೇಳಬೇಕು ಎಂದರು. ಗೆಳತಿ ಅನುವಾದಿಸಿದಳು. ಉಮ್ಮ ತಲೆಯ ಮೇಲೆ ಸೆರಗು ಸರಿ ಮಾಡಿಕೊಂಡು ನಗುಮುಖ ಮಾಡಿದ್ದರು. ಪರದೆಯಲ್ಲಾದರೂ ಅವರು ಜಗಲಿಗೆ ಬಂದ ನೆಂಟರೇ. ಭಾರೀ ಲಾಯ್ಕ್ ಉಂಟು ಎಂದುಬಿಟ್ಟರೆ ನಮ್ಮ ಅರ್ಜಿಯೆಲ್ಲ ಬರೀ ಮಾತು ಎಂದಾಗುತ್ತಿತ್ತು.

ಉಮ್ಮ ಹೇಳಿದರು, “ಕುತ್ತಿಗೆ ನೋವು ಕಡಿಮೆ ಉಂಟು, ಸುಳ್ಳು ಹೇಳುದಿಲ್ಲ. ಆದ್ರೆ ಇದರ ಎಡದ ಕಾಲು ಮಡಚುವಾಗ ಬೆರಳಿಗೆ ಚಿವುಟ್ತದೆ. ಮಕ್ಕಳ ಹತ್ರ ಹೇಳಿದ್ದೇನೆ, ಸರಿ ಮಾಡದಿದ್ರೆ ನಾನು ತಗೊಳ್ಳುದಿಲ್ಲ.”

ಗೆಳತಿ ಒಂದು ಶಬ್ದವನ್ನೂ ಬಿಡದೆ ಅನುವಾದಿಸಿದಳು. ತೀರ್ಪುಗಾರರು ಏನನ್ನೋ ಬರೆದುಕೊಂಡರು. ಅವರ ಮುಖದಿಂದ ನಮಗೇನೂ ತಿಳಿಯಲಿಲ್ಲ. ಆಮೇಲಿನ ಹತ್ತು ದಿನ ನಾನು ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯ್ದೆ. ಅಪ್ಪ ನನ್ನನ್ನು ಕಂಡರೆ ಪೇಪರ್ ಅಡ್ಡ ಹಿಡಿಯುತ್ತಿದ್ದರು.

ಮೇಲ್ ಬಂದಾಗ ನಾವು ಮೂವರೂ ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿದ್ದೆವು. ಮೊದಲ ಸಾಲು ಓದಿದ್ದೇ ನಾನು ಕಿರುಚಿದ್ದಕ್ಕೆ ಕಂಡಕ್ಟರೊಬ್ಬರು ಓಡಿ ಬಂದು “ಎಂತ ಆಯ್ತು, ಪರ್ಸ್ ಹೋಯ್ತಾ?” ಎಂದರು. ನಾವು ಆಯ್ಕೆಯಾಗಿದ್ದೆವು. ತಪ್ಪನ್ನು ಮುಚ್ಚಿಡದೆ ಹೇಳಿದ ಬಳಕೆದಾರರೇ ಈ ತಂಡದ ಬಲ ಎಂದು ಬರೆದಿದ್ದರು. ಎಂದೂ ಮಾತಾಡದ ಸಹಪಾಠಿ ಆ ಕಂಡಕ್ಟರಿಗೆ ಮಡಚುವ ಕಾಲಿನ ಇಡೀ ರಚನೆ ವಿವರಿಸತೊಡಗಿದ. ಗೆಳತಿ ಉಮ್ಮನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

ಉಮ್ಮ ಬ್ರಾಂಚಿನಲ್ಲಿ ಸಾಲಿನಲ್ಲಿ ನಿಂತಿದ್ದರು. ಸುದ್ದಿಯನ್ನು ಅವರು ಹಿಂದೆ ನಿಂತವರಿಗೆ ಬ್ಯಾರಿಯಲ್ಲಿ ಹೇಳಿದ್ದು ಕೇಳಿಸಿತು, ಅಲ್ಲಿಂದ ಅದು ತುಳುವಿನಲ್ಲಿ ಮುಂದೆ ಹೋದದ್ದು ಕೇಳಿಸಿತು, ಆಮೇಲೆ ಸಾಲಿಗೆ ಸಾಲೇ ಗುಲ್ಲೆದ್ದಿತು. ಅಜ್ಜಿಯ ನಗು ಎಲ್ಲಕ್ಕಿಂತ ಮೇಲೆ. ಅದರ ನಡುವೆ ಒಂದು ಗಂಡಸಿನ ದನಿ ಗದರಿತು, “ಎಂತ ಗಲಾಟೆ ಅದು? ಯಾರದ್ದು?”

ಗುಲ್ಲು ತಟ್ಟನೆ ನಿಂತಿತು. ಚೆಕ್ಕರನ ಮೇಜಿನ ಮುಂದೆ ಇಷ್ಟು ವರ್ಷ ಒಂದು ಮಾತೂ ಎತ್ತದಿದ್ದ ಉಮ್ಮನ ದನಿ, ಸ್ಪೀಕರ್ ಒಡೆಯುವಷ್ಟು ಜೋರಾಗಿ ಬಂತು.

“ನಮ್ಮದು ಸಾರ್! ನಮ್ಮದು ಪಾಸಾಯ್ತು!”